ಚಿಮಣಿಯ ಬಾಡಿಗೆದಾರೆ

ಉಡುಪಿ ಹೋಟೆಲು ಅಂತ ಬೋರ್ಡು ಹಾಕಿಕೊಂಡು "ದೋಸೆ ಇಲ್ಲ" ಅನ್ನುವುದೆಂದರೆ ನಾಚಿಕೆಗೇಡಲ್ಲದೆ ಇನ್ನೇನು? ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ 'ಅನಂತ ಭವನ' ನಡೆಸುವ ಲಕ್ಷ್ಮೀನಾರಾಯಣ ಐತಾಳರು ಆ ನಾಚಿಕೆಗೇಡನ್ನೂ ಅನುಭವಿಸಬೇಕಾಯಿತು. ಕಾರಣ ಒಂದು ಪಾರಿವಾಳ. ಹುಲಿಯಲ್ಲ, ಚಿರತೆಯಲ್ಲ, ಯಃಕಶ್ಚಿತ್ ಪಾರಿವಾಳ!

ಆದದ್ದು ಇಷ್ಟು. ನಾಗರಪಂಚಮಿಗೆಂದು ಐತಾಳರು ಹೆಂಡತಿ ರುಕ್ಮಿಣಿಯೊಡನೆ ಊರಿಗೆ, ಸಾಲಿಗ್ರಾಮಕ್ಕೆ ಹೋಗಿದ್ದರು. ದೋಸೆ ಹುಯ್ಯುವ ಬಾಲಚಂದ್ರನೂ ಬೈಂದೂರಿನ ತನ್ನ ಮನೆಗೆ ಹೋಗಿದ್ದ. ಹೋಟೆಲಿಗೆ ಬೀಗ. ಹಿಂದಿರುಗಿದ ಮಾರನೆಯ ಬೆಳಿಗ್ಗೆ ಬಾಲಚಂದ್ರ ಕಾವಲಿ ಬಿಸಿಗಿಟ್ಟು, ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ್ದಾನೆ, ಚಿಮಣಿಯೊಳಗಿನಿಂದ "ಗುಟುರ್... ಗುಟುರ್..." ಎಂದು ಸದ್ದು ಬಂತು. ಏಣಿ ಹತ್ತಿ ಟಾರ್ಚು ಬಿಟ್ಟು ನೋಡಿದರೆ, ಹೊರಗೋಡೆಯ ತಗಡಿನ ಪಟ್ಟಿ ಮುರಿದ ಜಾಗದಿಂದ ನುಗ್ಗಿದ ಪಾರಿವಾಳವೊಂದು ಫ್ಯಾನಿನ ರೆಕ್ಕೆಗೆ ತಾಗಿಕೊಂಡೇ ಕಡ್ಡಿ, ದಾರ, ತಂತಿಚೂರು ಎಲ್ಲ ಸೇರಿಸಿ ಸಂಸಾರ ಹೂಡಿತ್ತು. ಹೊಟ್ಟೆಯಡಿಯಲ್ಲಿ ಎರಡು ಮೊಟ್ಟೆ.

"ಐತಾಳ್ರೇ, ಸ್ವಿಚ್ ಹಾಕಿ ಬಿಡ್ತೇನೆ. ಅದರಷ್ಟಕ್ಕೆ ಅದು ಹಾರಿ ಹೋಗ್ತದೆ," ಎಂದ ಬಾಲಚಂದ್ರ.

"ಮೊಟ್ಟೆ ಹಾರ್ತದಾ ಮಾರಾಯಾ?"

ಅಷ್ಟರಲ್ಲಿ ಮಹಡಿಯ ಹಿಂಬದಿಯ ಬಾಲ್ಕನಿಯಿಂದ ಒಂದು ಸಣ್ಣ ಸ್ವರ ಇಳಿದು ಬಂತು. "ಲಕ್ಷ್ಮೀಭಾಯ್, ಫ್ಯಾನ್ ಹಾಕಬೇಡಿ. ಒಳಗೆ ಬಸುರಿ ಇದ್ದಾಳೆ."

ಅದು ಚಂಪಾಬಾ. ಕಟ್ಟಡದ ಒಡತಿ. ಬಿಳಿ ಸೀರೆ, ಹತ್ತಿಯಂಥ ಕೂದಲು, ಬಾಗಿದ ಬೆನ್ನು, ಬಾಗದ ಮಾತು. ನಡೆಯುವಾಗ ಇರುವೆ ಕಂಡರೆ ನಿಂತು ದಾರಿ ಬಿಡುವ, ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯದ ಹಳೇ ಕಾಲದ ಜೈನ ಹೆಂಗಸು. ಐತಾಳರ ಹೋಟೆಲಿನ ನೆತ್ತಿಯ ಮೇಲೇ ಇಷ್ಟು ವರ್ಷ ಬದುಕಿದರೂ ಅಲ್ಲಿಯ ಒಂದು ತುತ್ತನ್ನೂ ಬಾಯಿಗಿಟ್ಟವರಲ್ಲ. ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡಿಕೊಡುತ್ತೇವೆಂದರೂ ಇಲ್ಲ. ರಾತ್ರಿ ಕಳೆದ ಹಿಟ್ಟು ಹುಳಿ ಬರುತ್ತದೆ, ಹುಳಿ ಬಂದಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುತ್ತದೆ, ಆದ್ದರಿಂದ ಇಡ್ಲಿಯೂ ಬೇಡ ದೋಸೆಯೂ ಬೇಡ ಎನ್ನುವ ಲೆಕ್ಕ ಅವರದು. ಈಗ ತಿಳಿದ ಸಂಗತಿಯೆಂದರೆ, ಐತಾಳರು ಊರಲ್ಲಿದ್ದಾಗ ಆ ಪಾರಿವಾಳಕ್ಕೆ ದಿನವೂ ಜೋಳದ ಕಾಳು ಹಾಕಿ ಸಾಕಿದವರೂ ಅವರೇ.

"ಎಷ್ಟು ದಿನ ಚಂಪಾಬಾ?" ಐತಾಳರು ತಮ್ಮ ಉಡುಪಿ ಹಿಂದಿಯಲ್ಲಿ ಕೇಳಿದರು.

"ಮರಿ ಹಾರುವ ತನಕ," ಎಂದರು ಚಂಪಾಬಾ, ಅದೇನು ಮಹಾ ಎನ್ನುವ ಹಾಗೆ.

ಬೇರೆ ಸಮಯವಾಗಿದ್ದರೆ ಐತಾಳರು ಒಂದು ಕೈ ನೋಡುತ್ತಿದ್ದರು. ಈಗ ಬಾಯಿಬಿಡುವ ಹಾಗಿರಲಿಲ್ಲ. ಹೋಟೆಲಿನ ಬಾಡಿಗೆ ಕರಾರು ಗಣೇಶ ಚೌತಿಗೆ ಮುಗಿಯುವುದಿತ್ತು. ಚಂಪಾಬಾರ ಮಗ ನಿತೇಶ್ ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಕಾರ್ಖಾನೆ ಇಟ್ಟುಕೊಂಡವನು, ಕಟ್ಟಡದ ವ್ಯವಹಾರವೆಲ್ಲ ಅವನ ಕೈಯಲ್ಲಿ. ಒಂದು ಮೊಬೈಲ್ ಶೋರೂಮಿನವರು ಆ ಜಾಗಕ್ಕೆ ಅವನ ಬೆನ್ನು ಬಿದ್ದಿದ್ದರು. ಜಾಗ ಸಿಕ್ಕರೆ ಹಿಂದಿನ ಗೋಡೆ ಒಡೆದು ದೊಡ್ಡದು ಮಾಡುವ ಯೋಚನೆ ಅವರದು. ನಿತೇಶ್ ಫೋನಿನಲ್ಲಿ ನೇರವಾಗಿ ಹೇಳಿದ್ದ: "ಅಂಕಲ್, ನಮ್ಮ ಪರ್ಯೂಷಣ ಹಬ್ಬದ ಮೊದಲು ಒಂದು ಭಾನುವಾರ ಬರ್ತೇನೆ. ನಿಮ್ಮ ತುಪ್ಪದ ದೋಸೆ ತಿಂದು ಮಾತಾಡೋಣ." ಚಿಕ್ಕಂದಿನಿಂದ ಆ ದೋಸೆ ತಿಂದು ಬೆಳೆದ ಹುಡುಗ ಅವನು. ಐತಾಳರ ಆಸೆಯೆಲ್ಲ ಆ ದೋಸೆಯ ಮೇಲೇ ನಿಂತಿತ್ತು. ಬೇರೆ ಜಾಗ ಹುಡುಕಿ ಮೊದಲಿನಿಂದ ಒಲೆ ಹೂಡುವ ವಯಸ್ಸು ಅವರದಲ್ಲ.

ಫ್ಯಾನ್ ಇಲ್ಲದೆಯೇ ದೋಸೆ ಹುಯ್ದು ನೋಡಿದರು. ಹೊಗೆ ಹಾಲಿಗೆ ನುಗ್ಗಿತು, ಗಿರಾಕಿಗಳು ಕೆಮ್ಮಿದರು, ಮಹಡಿಯಲ್ಲಿ ಚಂಪಾಬಾ ಕೆಮ್ಮಿದರು, ಚಿಮಣಿಯೊಳಗೆ ಪಾರಿವಾಳ ಪಟಪಟನೆ ರೆಕ್ಕೆ ಬಡಿಯಿತು. ಹಕ್ಕಿ ಆಸ್ಪತ್ರೆಗೆ ಫೋನ್ ಮಾಡಿದರೆ, ಗೂಡು ಸರಿಸಿದರೆ ತಾಯಿ ಮೊಟ್ಟೆ ಬಿಟ್ಟು ಹೋಗುತ್ತದೆ, ಕಾಯಿರಿ, ಎಂದು ಉಪದೇಶ ಮಾಡಿ ಫೋನ್ ಇಟ್ಟರು.

"ನನ್ನ ಗ್ರಹಚಾರ!" ಎಂದು ಐತಾಳರು ಕ್ಯಾಷ್ ಮೇಜಿನ ಮುಂದೆ ತಲೆಗೆ ಕೈ ಹಚ್ಚಿ ಕೂತರು.

ರುಕ್ಮಿಣಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಹ್ವಾಯ್, ಎರಡು ರೈಲು ಬದಲಿಸಿ ಊರಿಗೆ ಹೋಗಿ ಹಾವಿನ ಕಲ್ಲಿಗೆ ಹಾಲೆರೆದು ಬಂದವರು ನೀವು. ಮನೆಗೇ ಬಂದ ಹಕ್ಕಿಗೆ ಒಂದು ಫ್ಯಾನ್ ನಿಲ್ಲಿಸ್ಲಿಕ್ಕೆ ಆಗುದಿಲ್ವಾ?"

"ನಾಗ ದೇವರು ಮಾರಾಯ್ತಿ. ಇದು ಪಾರಿವಾಳ."

"ದೇವರಾದ್ರೆ ಮಾತ್ರ ಜೀವವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಅಟ್ಟದಿಂದ ಶ್ಯಾವಿಗೆ ಒರಳು ಇಳಿಸಿದಳು. ಕಾವಲಿ ಇಲ್ಲದಿದ್ದರೇನಂತೆ, ಹಬೆ ಇಲ್ಲವೆ? ಕಿಟಕಿ ಪಕ್ಕ ಹೊಸ ಒಲೆ ಹೂಡಿ ಅಕ್ಕಿ ಶ್ಯಾವಿಗೆ, ಕಡುಬು, ಪುಂಡಿ ಶುರು ಮಾಡಿಯೇ ಬಿಟ್ಟಳು. ಬಾಗಿಲಿಗೆ ಹಲಗೆಯನ್ನೂ ತಾನೇ ತೂಗಿಸಿದಳು, ಗುಜರಾತಿಯಲ್ಲಿ ಸೀಮೆಸುಣ್ಣದಿಂದ ಬರೆದು: 'ಚಿಮಣಿಯಲ್ಲಿ ಬಾಣಂತನ ನಡೆಯುತ್ತಿದೆ. ದೋಸೆಗೆ ರಜೆ.'

ಕೆಲವರು ಓದಿ ನಕ್ಕು ಒಳಗೆ ಬಂದರು. ಕೆಲವರು ಓದಿ ನಕ್ಕು ಎದುರಿನ ಪಾವ್ ಭಾಜಿ ಅಂಗಡಿಗೆ ಹೋದರು. ಹೋದವರೇ ಹೆಚ್ಚು ಎಂದು ಐತಾಳರ ಹೊಟ್ಟೆ ಉರಿಯಿತು. ದಿನಕ್ಕೆ ನಾಲ್ಕು ಸಲ ಹಿತ್ತಿಲಿಗೆ ಹೋಗಿ ಚಿಮಣಿಯ ಕಡೆ ಕಣ್ಣು ಕೆಕ್ಕರಿಸಿ, "ಬಾಡಿಗೆ ಕೊಡ್ತೀಯಾ? ಕರೆಂಟ್ ಬಿಲ್ ಕೊಡ್ತೀಯಾ? ದರಿದ್ರದ್ದೇ!" ಎಂದು ಬೈದು ಬರುತ್ತಿದ್ದರು. ಪಾರಿವಾಳ ಕೆಂಪು ಕಣ್ಣಿನಿಂದ ನೋಡುತ್ತಿತ್ತು, ಅಷ್ಟೇ.

ಒಂದು ದಿನ ಹೀಗೆ ಬೈಯುತ್ತಿದ್ದಾಗ ಮೇಲಿನಿಂದ ಚಂಪಾಬಾ ಕೇಳಿಸಿಕೊಂಡರು.

"ಲಕ್ಷ್ಮೀಭಾಯ್, ಫ್ಯಾನ್ ಹಾಕಿದಿರಾ?"

"ಇಲ್ಲ ಚಂಪಾಬಾ! ಮುಟ್ಟಲೂ ಇಲ್ಲ."

"ಕೈಯಿಂದ ಮುಟ್ಟಲಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಕ್ಕೆ ಹತ್ತು ಸಲ ಫ್ಯಾನ್ ತಿರುಗಿಸ್ತಾ ಇದ್ದೀರಿ. ನಮ್ಮಲ್ಲಿ ಅದೂ ಹಿಂಸೆಯೇ. ಮನಸ್ಸು, ಮಾತು, ಮೈ, ಮೂರೂ ಸುಮ್ಮನಿದ್ದರೆ ಮಾತ್ರ ಅಹಿಂಸೆ."

ಐತಾಳರಿಗೆ ಕಿವಿ ಬಿಸಿಯಾಯಿತು. ಕೈಕಟ್ಟಿ ಕೂತರೂ ಪಾಪ ಬರುತ್ತದೆ ಎಂದರೆ ಇದೊಳ್ಳೆ ಕತೆಯಾಯಿತಲ್ಲ ಎನಿಸಿತು. ಆದರೆ ಮುದುಕಿ ಹೇಳಿದ್ದು ಸುಳ್ಳೇನಲ್ಲ ಎಂದು ಅವರಿಗೆ ಗೊತ್ತಿತ್ತು. ಫ್ಯಾನು ಹಾಕದಿದ್ದದ್ದು ಕರುಣೆಯಿಂದಲ್ಲ, ಕರಾರಿನ ಭಯದಿಂದ. ಆ ಸಿಟ್ಟಿನಲ್ಲೇ ಕೇಳಿಬಿಟ್ಟರು: "ಹಾಗಾದ್ರೆ ನಮ್ಮ ಶ್ಯಾವಿಗೆ ತಿನ್ನಿ ನೋಡುವ. ಬೆಳಿಗ್ಗೆ ನೆನೆಸಿ ಮಧ್ಯಾಹ್ನ ಅರೆದದ್ದು. ರಾತ್ರಿ ಕಂಡ ಹಿಟ್ಟಲ್ಲ."

ಚಂಪಾಬಾ ಸ್ವಲ್ಪ ಯೋಚಿಸಿದರು. ನೀರು ಕಾಯಿಸಿದ್ದೋ, ಅಕ್ಕಿಯಲ್ಲಿ ಹುಳ ನೋಡಿದಿರೋ, ಚಟ್ನಿಗೆ ಶುಂಠಿ ಬಿದ್ದಿದೆಯೋ, ಎಲ್ಲ ವಿಚಾರಣೆ ಮುಗಿಸಿ, ಬಿಸಿಲು ಇರುವಾಗಲೇ ಕೋಲೂರಿಕೊಂಡು ಕೆಳಗಿಳಿದರು. ಬೆಲ್ಲದ ಕಾಯಿಹಾಲು ಹಾಕಿದ ಶ್ಯಾವಿಗೆಯನ್ನು ಒಂದೊಂದೇ ಎಳೆ ಎತ್ತಿ ತಿಂದರು. ತಟ್ಟೆಗೆ ಚೂರು ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿದರು. ಒಂದಗುಳೂ ಪೋಲಾಗಬಾರದೆಂಬುದು ಅವರ ಪದ್ಧತಿ. ರುಕ್ಮಿಣಿಗೆ ಕಣ್ಣು ತುಂಬಿ ಬಂತು. ಅಂದಿನಿಂದ ಚಂಪಾಬಾರ ಸಂಜೆಯ ಊಟ ಅಲ್ಲೇ.

ಭಾನುವಾರ ಬಂತು. ಆ ಬೆಳಿಗ್ಗೆ ಚಂಪಾಬಾ ಬೀದಿಯ ತುದಿಯ ದೇರಾಸರಕ್ಕೆ, ಅಂದರೆ ಅವರ ಬಸದಿಗೆ ಹೋದ ಹೊತ್ತಿಗೇ ನಿತೇಶನ ಕಾರು ನಿಂತಿತು. ಜೊತೆಯಲ್ಲಿ ಶೋರೂಮಿನ ಮನುಷ್ಯ, ಕೈಯಲ್ಲಿ ಅಳತೆಯ ಟೇಪು. ನಿತೇಶ್ ಕೂತವನೇ, "ಅಂಕಲ್, ಸೂರತ್ತಿನಿಂದ ಬರೀ ಹೊಟ್ಟೆಯಲ್ಲಿ ಬಂದಿದ್ದೇನೆ. ದೋಸೆ!" ಎಂದ.

ಐತಾಳರು ಚಿಮಣಿಯ ಕತೆ ಹೇಳಿದರು.

ನಿತೇಶ್ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಅಮ್ಮನಿಗೆ ಹೆದರಿದ್ದೀರಿ, ಅಲ್ವಾ? ಅಮ್ಮ ಬರೋದಕ್ಕೆ ಇನ್ನೂ ಒಂದು ಗಂಟೆ ಇದೆ. ಗೂಡು ತೆಗೆದು ಹಾಕಿ. ಅದೇ ಹೋಯ್ತು ಅಂತ ನಾನೇ ಹೇಳ್ತೇನೆ. ಇವರಿಗೂ ನಿಮ್ಮ ದೋಸೆ ತಿನ್ನಿಸಿ. ಇಂಥ ಹೋಟೆಲ್ ಎಬ್ಬಿಸೋದು ಹೇಗೆ ಅಂತ ಅವರಿಗೇ ಅನ್ನಿಸಲಿ."

ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಐತಾಳರು ಅಡಿಗೆಮನೆಗೆ ಹೋದರು. ಬಾಲಚಂದ್ರ ಆಸೆಯಿಂದ ಹಿಟ್ಟು ಅರೆದೇ ಇಟ್ಟಿದ್ದ, ಕಾವಲಿಯೂ ಕಾಯುತ್ತಿತ್ತು. ಐತಾಳರು ಏಣಿ ಹತ್ತಿದರು. ತಾಯಿ ಕಾಳಿಗೆ ಹೋಗಿತ್ತು. ಗೂಡಿನಲ್ಲಿ ಮೊಟ್ಟೆ ಇರಲಿಲ್ಲ. ಆಗಷ್ಟೇ ಒಡೆದು ಬಂದ ಎರಡು ಮರಿ ಇದ್ದವು. ಹಳದಿ ಕೂದಲು, ದೊಡ್ಡ ಮೂಗು, ಮುಚ್ಚಿದ ಕಣ್ಣು. ಶಿವನೇ, ಎಂಥ ಕುರೂಪ! ಟಾರ್ಚಿನ ಬೆಳಕಿಗೆ ತಾಯಿಯೇ ಬಂತೆಂದುಕೊಂಡು ಎರಡೂ ಕತ್ತು ಎತ್ತಿ ಬಾಯಿ ತೆರೆದವು.

ಐತಾಳರು ಅಲ್ಲೇ ನಿಂತರು. ಹೆದರಲು ಈಗ ಚಂಪಾಬಾ ಇಲ್ಲ. ಮಗನೇ ಒಪ್ಪಿಗೆ ಕೊಟ್ಟಿದ್ದಾನೆ. ಕೈ ಚಾಚಿದರೆ ಹೋಟೆಲು ಉಳಿಯುತ್ತದೆ. ಆದರೆ ಜೀವನವಿಡೀ ಹಸಿದು ಬಂದವರಿಗೆ ಬಡಿಸಿದ ಕೈ ಅದು. ಬಾಯಿ ತೆರೆದು ಕೂತವರನ್ನು ಎತ್ತಿ ಹೊರಗೆ ಹಾಕುವುದು ಆ ಕೈಗೆ ಗೊತ್ತಿರಲಿಲ್ಲ.

"ಬಾಲಚಂದ್ರಾ, ಕಾವಲಿ ಆರಿಸು," ಎಂದರು. ಇಳಿದು ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ನಿತೇಶ್ ನಿಂತಿದ್ದ.

"ದೋಸೆ ಇಲ್ಲ ನಿತೇಶ್. ಮರಿ ಆಗಿದೆ. ಶ್ಯಾವಿಗೆ ಉಂಟು, ಬಿಸಿಬಿಸಿ ಉಂಟು."

ನಿತೇಶ್ ಶ್ಯಾವಿಗೆ ತಿಂದ. ಚೆನ್ನಾಗಿದೆ ಅಂದ. ಆಮೇಲೆ ತಟ್ಟೆಯನ್ನೇ ನೋಡುತ್ತ, "ಅಂಕಲ್, ಶೋರೂಮಿನವರಿಗೆ ಮಾತು ಕೊಟ್ಟಾಗಿದೆ. ಚೌತಿ ಕಳೆದ ಮೇಲೆ ಖಾಲಿ ಮಾಡಿ," ಎಂದುಬಿಟ್ಟ. ರುಕ್ಮಿಣಿ ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಆದರೆ ಅಷ್ಟರಲ್ಲಿ ಚಂಪಾಬಾ ಬಂದರು. ವಿಷಯ ಕೇಳಿದರು. ಟೇಪು ಹಿಡಿದವನನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು.

"ವ್ಯವಹಾರ ನಿನ್ನದು, ನಾನು ಬಾಯಿ ಹಾಕುವುದಿಲ್ಲ. ಆದರೆ ಮರಿ ಗೂಡಿನಲ್ಲಿರುವ ತನಕ ಈ ಗೋಡೆಗೆ ಸುತ್ತಿಗೆ ಬೀಳಬಾರದು. ಗೋಡೆ ಬೀಳದಿದ್ದರೆ ಇವರು ಯಾಕೆ ಏಳಬೇಕು? ಹಕ್ಕಿ ಹಾರಿದ ದಿನ ಇವರೂ ಹೊರಡುತ್ತಾರೆ."

ತಾಯಿಯ ಮಾತಿಗೆ ತಲೆಬಾಗಿ ನಿತೇಶ್ ಟೇಪಿನವನನ್ನು ಕಾರು ಹತ್ತಿಸಿದ.

ಇಲ್ಲಿಂದ ನೋಡಿ ನಮ್ಮ ಐತಾಳರ ವರಸೆ ಹೇಗೆ ಬದಲಾಯಿತು! ನಿನ್ನೆಯ ತನಕ ದರಿದ್ರದ್ದು ಎನ್ನಿಸಿಕೊಂಡ ಪಾರಿವಾಳ ಇದ್ದಕ್ಕಿದ್ದಂತೆ ಮಹಾಲಕ್ಷ್ಮಿಯಾಯಿತು. ಬೆಳಿಗ್ಗೆ ದೇವರ ದೀಪ ಹಚ್ಚುವ ಮೊದಲೇ ಜೋಳದ ಕಾಳು, ಮಣ್ಣಿನ ಬಟ್ಟಲಲ್ಲಿ ನೀರು. "ತಿನ್ನು ಮಗಳೇ, ನಿಧಾನಕ್ಕೆ ಬೆಳೆಸು, ಅವಸರ ಎಂತಕ್ಕೆ?" ಎನ್ನುವ ಉಪಚಾರ. ಬಾಲಚಂದ್ರ ಮುಸಿಮುಸಿ ನಕ್ಕರೆ ಅವನಿಗೇ ಬೈಗುಳ.

ಎಂಟು ದಿನಗಳ ಉಪವಾಸದ ಪರ್ಯೂಷಣ ಬಂತು, ಅದರ ಕೊನೆಯ ದಿನವಾದ ಸಂವತ್ಸರಿಯೂ ಬಂತು. ಜೈನರು ಒಬ್ಬರಿಗೊಬ್ಬರು ಕೈಮುಗಿದು "ಮಿಚ್ಛಾಮಿ ದುಕ್ಕಡಂ," ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ, ಎಂದು ಕೇಳುವ ದಿನ ಅದು. ಉಪವಾಸದಿಂದ ಬಾಡಿದ ಚಂಪಾಬಾ ಕೆಳಗಿಳಿದು ರುಕ್ಮಿಣಿಗೂ ಬಾಲಚಂದ್ರನಿಗೂ ಐತಾಳರಿಗೂ ಕೈಮುಗಿದರು. ಅಷ್ಟು ಹಿರಿಯರು ಹಾಗೆ ನಿಂತದ್ದು ನೋಡಿ ಐತಾಳರು ಕಂಗಾಲಾದರು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಏಣಿ ಹತ್ತಿ ಪಾರಿವಾಳಕ್ಕೂ ಕೈಮುಗಿದು, "ಬೈದದ್ದೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಡ ಮಾರಾಯ್ತಿ," ಎಂದು ಬಂದರು. ನಿತೇಶನ ಫೋನೂ ಬಂತು. ಆವತ್ತು ಆಡಿದ ಮಾತಿಗೆ ಕ್ಷಮಿಸಿ ಅಂದ. ಕರಾರಿನ ಸುದ್ದಿ ಎತ್ತಲಿಲ್ಲ.

ಮರಿಗಳೋ, ಯಾರ ಕಷ್ಟವನ್ನೂ ಕೇಳದೆ ದಿನಕ್ಕೊಂದು ಸುತ್ತು ದಪ್ಪವಾದವು. ಹಳದಿ ಕೂದಲು ಉದುರಿ ಬೂದು ಗರಿ ಬಂತು. ಗೂಡಿನ ಅಂಚಿಗೆ ನಿಂತು ರೆಕ್ಕೆ ಬೀಸಿ ನೋಡತೊಡಗಿದವು. ಒಂದೊಂದು ಬೀಸಿಗೂ ಐತಾಳರ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಅವರು ಮಾಡಿದ ಕೆಲಸ ಕೇಳಿ. ಪೇಟೆಗೆ ಹೋಗಿ ಒಂದು ನೈಲಾನ್ ಬಲೆ ತಂದರು! ಬೆಕ್ಕು ಬರ್ತದೆ, ಗಿಡುಗ ಬರ್ತದೆ, ತಗಡಿನ ಪಟ್ಟಿಗೆ ಬಲೆ ಕಟ್ಟುವ ಎಂದರು. ರುಕ್ಮಿಣಿ ಗಂಡನ ಮುಖ ನೋಡಿ ಒಳಗೆ ಹೋದಳು.

ಮಾತು ಆಡಿದವರು ಚಂಪಾಬಾ. ಹಿತ್ತಿಲಲ್ಲಿ ಬಲೆ ಬಿಡಿಸುತ್ತಿದ್ದ ಐತಾಳರನ್ನು ಬಾಲ್ಕನಿಯಿಂದ ನೋಡಿ, ತೀರಾ ಮೆಲ್ಲಗೆ ಅಂದರು: "ಮೊದಲು ಸಾಯಲಿ ಅಂದಿರಿ. ಈಗ ಹೋಗದಿರಲಿ ಅನ್ನುತ್ತೀರಿ. ಎರಡರಲ್ಲೂ ಹಕ್ಕಿ ಎಲ್ಲಿದೆ ಲಕ್ಷ್ಮೀಭಾಯ್? ಬರೀ ನೀವೇ ಇದ್ದೀರಿ."

ಐತಾಳರು ಬಲೆ ಹಿಡಿದುಕೊಂಡೇ ನೆಲಕ್ಕೆ ಕೂತರು. ಸಿಟ್ಟು ಬರಲಿಲ್ಲ. ಅಳು ಬಂತು. ಈ ಹಿತ್ತಿಲು, ಆ ಕಾವಲಿ, ಸಂಜೆ ನಾಲ್ಕಕ್ಕೆ ಕಾಫಿಗೆ ಬರುವ ಬ್ಯಾಂಕಿನವರು, ಎಲ್ಲ ನನ್ನದು ನನ್ನದು ಎಂದುಕೊಂಡು ಇಷ್ಟು ವರ್ಷ ಕಳೆದರು. ಚಿಮಣಿಯೊಳಗಿನ ಆ ಎರಡು ಮರಿಗಳೂ ಈಗ ಆ ಸಾಮಾನಿನ ಜೊತೆಗೆ ಸೇರಿದ್ದವು. ಅಷ್ಟರಲ್ಲಿ ಪಟ್ಟಿಯ ಹಿಂದೆ ಗಡಬಡ ಸದ್ದಾಯಿತು. ದಪ್ಪವಾದ ಮರಿಯೊಂದು ಮುರಿದ ಸಂದಿಯಲ್ಲಿ ಹೊರಬರಲು ಒದ್ದಾಡುತ್ತಿತ್ತು. ತಾಯಿ ಬರುವ ಸಂದಿ ಹೊಸ ರೆಕ್ಕೆಗೆ ಸಾಲುತ್ತಿರಲಿಲ್ಲ.

"ಬಾಲಚಂದ್ರಾ, ಸ್ಕ್ರೂಡ್ರೈವರ್ ತಾ!"

"ಬಿಚ್ಚಿದ್ರೆ ಹಾರಿ ಹೋಗ್ತದೆ ಐತಾಳ್ರೇ!"

"ಹೋಗ್ಲಿ ಅಂತಲೇ ಮಾರಾಯಾ, ತಾ!"

ಏಣಿ ಹತ್ತಿ ತಗಡಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗೆ ಹಾಕಿದರು. ಮರಿ ಬೆಳಕಿಗೆ ಬಂದು ಅಂಚಿನಲ್ಲಿ ಕೂತು ಅವರನ್ನು ನೋಡಿತು. ಆಮೇಲೆ ಕಲ್ಲು ಬಿದ್ದ ಹಾಗೆ ಕೆಳಗೆ ಬಿತ್ತು, ಬೀಳುತ್ತ ರೆಕ್ಕೆ ಬಿಚ್ಚಿತು, ಬೇವಿನ ಮರ ಸೇರಿತು. ಅದರ ಹಿಂದೆಯೇ ಎರಡನೆಯದೂ ಹೋಯಿತು. ಐತಾಳರು ಏಣಿಯ ಮೇಲೆ ನಿಂತು ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ನೆನಪಾಯಿತು, ತಾವು ತಟ್ಟಿದ್ದು ತಮ್ಮ ಹೋಟೆಲು ಮುಚ್ಚಿದ್ದಕ್ಕೆ.

ಅಲ್ಲೇ ನಿಂತು ನಿತೇಶನಿಗೆ ಫೋನ್ ಹಚ್ಚಿದರು. ನಾಳೆ ಹೇಳಿದರಾಯಿತು ಎಂದು ಮನಸ್ಸು ಅಂದಿತು. ನಾಳೆ ಎಂದರೆ ಅದೂ ಒಂದು ಬಲೆಯೇ ಎನಿಸಿತು.

"ನಿತೇಶ್, ಮರಿ ಹಾರಿತು. ಎರಡೂ ಹಾರಿದವು. ಇನ್ನು ಗೋಡೆ ಒಡೆಯಬಹುದು. ನಾವು ಯಾವಾಗ ಖಾಲಿ ಮಾಡಬೇಕು ಹೇಳು. ಗೂಡು ಕ್ಲೀನ್ ಮಾಡಿಸಿಯೇ..." ಎನ್ನುತ್ತ ಇನ್ನೊಂದು ಕೈಯಿಂದ ಟಾರ್ಚು ಬಿಟ್ಟರು. ಗೂಡಿನ ಮೂಲೆಯಲ್ಲಿ ತಾಯಿ ಪಾರಿವಾಳ ಮೈ ಉಬ್ಬಿಸಿಕೊಂಡು ಕೂತಿತ್ತು. ಅವರನ್ನು ನೋಡಿ ಸ್ವಲ್ಪ ಸರಿಯಿತು. ಹೊಟ್ಟೆಯಡಿಯಲ್ಲಿ ಎರಡು ಬಿಳಿ ಮೊಟ್ಟೆ.

"ಅಯ್ಯೋ ದೇವರೇ!"

"ಏನಾಯ್ತು ಅಂಕಲ್?"

"ಮತ್ತೆ ಇಟ್ಟಿದೆ ಮಾರಾಯಾ! ನಾನಿಟ್ಟದ್ದಲ್ಲ, ನನ್ನಾಣೆ, ಅದೇ ಇಟ್ಟದ್ದು!"

ಆಚೆಯಿಂದ ವಜ್ರ ಉಜ್ಜುವ ಚಕ್ರಗಳ ಗುಂಯ್ ಸದ್ದು ಕೇಳಿತು. ಆಮೇಲೆ ನಿತೇಶ್ ಜೋರಾಗಿ ನಕ್ಕ, ನಕ್ಕು ಸುಸ್ತಾದ.

"ಅಂಕಲ್, ಆವತ್ತು ನೀವು ಏಣಿ ಇಳಿದು ಕಾವಲಿ ಆರಿಸಿದ್ರಲ್ಲ. ಹುಟ್ಟಿನಿಂದ ಜೈನ ನಾನು, ಗೂಡು ತೆಗೀರಿ ಅಂದವನೂ ನಾನೇ. ಸಂವತ್ಸರಿಯ ದಿನ ಬಾಯಲ್ಲಿ ಕ್ಷಮೆ ಕೇಳಿದೆ, ಆದರೆ ಅದು ಗಂಟಲಲ್ಲೇ ಸಿಕ್ಕಿಕೊಂಡಿದೆ, ಇಳೀತಾ ಇಲ್ಲ. ಆ ಹಕ್ಕಿ ಅಲ್ಲೇ ಇರಲಿ. ನೀವೂ ಇರಿ. ಶೋರೂಮಿನವರಿಗೆ ನಾನು ಹೇಳ್ತೇನೆ. ಪಕ್ಕದ ಗೋಡೆಯಿಂದ ಬೇರೆ ಚಿಮಣಿ ತೆಗೆಸಿ. ನನಗೆ ದೋಸೆ ಬೇಕು."

ಐತಾಳರು ಏಣಿ ಇಳಿದವರೇ ಹೆಂಡತಿಯನ್ನು ಕೂಗಿದರು. ರುಕ್ಮಿಣಿ ಸುದ್ದಿ ಕೇಳಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಬಾಲ್ಕನಿಯಲ್ಲಿ ಚಂಪಾಬಾ ಕಟಕಟೆಗೆ ಒರಗಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಮುಖ ತುಂಬ ಸಂತೋಷ ಇದೆ ಲಕ್ಷ್ಮೀಭಾಯ್. ಮೊಟ್ಟೆಗೋ, ಹೋಟೆಲಿಗೋ?"

ಐತಾಳರು ಬಾಯಿಗೆ ಬಂದ ಒಳ್ಳೆಯ ಮಾತನ್ನು ನುಂಗಿಕೊಂಡರು.

"ಸುಳ್ಳು ಯಾಕೆ ಹೇಳಲಿ ಚಂಪಾಬಾ. ಹೋಟೆಲಿಗೇ ಹೆಚ್ಚು."

ಮುದುಕಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನಿಜ ಹೇಳಿದಿರಲ್ಲ, ಇವತ್ತಿಗೆ ಅಷ್ಟು ಸಾಕು. ಬಿಸಿಲು ಇಳೀತಾ ಇದೆ, ಶ್ಯಾವಿಗೆ ಆಯಿತಾ?"